ಬೇವಿನ ಮರಕ್ಕೆ ತೂಗಿದ ಎಂಜಿನ್ನು

ಅವರು ಹೋದ ಸುದ್ದಿಯನ್ನು ನನಗೆ ತಂದವನು ಬಿಳೂರಿನ ಒಬ್ಬ ಶೇಂಗಾ ವ್ಯಾಪಾರಿ. ಬಿಜಾಪುರದ ನನ್ನ ಮನೆಯಲ್ಲಿ ಕುಳಿತು, ಚಹಾ ಮುಗಿಸಿ, ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿ, "ನಿಮ್ಮ ಲಾರಿಯವರು ಹ್ವಾದ್ರಲ್ರಿ, ಮಾಸ್ತರ" ಎಂದ. "ಎಲ್ಲಿಗೆ?" ಎಂದೆ. ಅವರ ವಿಷಯದಲ್ಲಿ ಅದು ಸಹಜವಾದ ಪ್ರಶ್ನೆ. ಅವರು ಸದಾ ಎಲ್ಲಿಗಾದರೂ ಹೋಗುತ್ತಿದ್ದರು, ಇಲ್ಲವೆ ಹೋಗುವ ದಾರಿಯಲ್ಲಿ ಲಾರಿಯ ಕೆಳಗೆ ಮಲಗಿರುತ್ತಿದ್ದರು. ವ್ಯಾಪಾರಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಗ ತಿಳಿಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನುಷ್ಯನ ಹೆಸರು ಕಾಗದದ ಮೇಲೆ ಏರುವುದು ಒಂದೋ ಲೈಸನ್ಸಿಗೆ, ಇಲ್ಲವೆ ದಂಡಕ್ಕೆ ಎಂಬುದು ಅವರ ತಿಳುವಳಿಕೆ. ಎರಡರಿಂದಲೂ ಅವರು ಆದಷ್ಟು ದೂರ ಇದ್ದರು. ಸತ್ತ ಮೇಲೆ ಅವರನ್ನು ಕಾಗದಕ್ಕೆ ಏರಿಸುವ ತಪ್ಪನ್ನು ನಾನು ಮಾಡಬಾರದು.

ಜತ್ತ ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾದ ಮರುವರ್ಷ, ತಿಕೋಂಡಿಯ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಗೆ ನನ್ನನ್ನು ಹಾಕಿದರು. ವಸತಿಗೆ ಸಿಕ್ಕಿದ್ದು ಊರ ಹೊರಗೆ ಇಬ್ಬರು ಅಣ್ಣ-ತಮ್ಮಂದಿರ ಒಂದು ತೋಟದ ಮನೆ. ಒಂದೇ ಅಂಗಳ, ಮೂರು ಬಾಗಿಲು. ಪಡುವಣ ಬಾಗಿಲು ಅಣ್ಣನದು, ಮೂಡಣ ಬಾಗಿಲು ತಮ್ಮನದು, ನಡುವಿನದು ನನ್ನದು. ಅಂಗಳದಿಂದ ಇಪ್ಪತ್ತು ಹೆಜ್ಜೆಗೆ ಬಾವಿ, ಬಾವಿಯ ಪಕ್ಕದಲ್ಲಿ ಒಂದು ದೊಡ್ಡ ಬೇವಿನ ಮರ. ಈ ಭೂಗೋಳವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡರೆ ಮುಂದೆ ನಡೆದ ಇತಿಹಾಸ ಸುಲಭವಾಗುತ್ತದೆ.

ನಾನು ಹೇಳಹೊರಟಿರುವುದು ತಮ್ಮನ, ಅಂದರೆ ಆ ಲಾರಿಯವರ ವಿಷಯ. ಯುದ್ಧದಲ್ಲಿ ಬರ್ಮಾದ ಕಡೆ ಲಷ್ಕರದ ಲಾರಿ ಹೊಡೆದು, ನಾಯಕ ಎಂಬ ಹುದ್ದೆಯವರೆಗೆ ಏರಿ, ಒಂದು ಖಾಕಿ ಕೋಟು ಮತ್ತು ನಟ್ಟು ತಿರುಗಿಸುವ ಒಂದು ಉದ್ದನೆಯ ಪಾನಾದೊಂದಿಗೆ ಮರಳಿದವರು. ಕೋಟಿನ ಕಿಸೆಯಲ್ಲಿ ಪಾನಾ ಇಲ್ಲದೆ ಅವರು ಹೊರಬಿದ್ದದ್ದನ್ನು ನಾನು ನೋಡಿಲ್ಲ. ಒಂದು ಮದುವೆಯಲ್ಲಿ ಬೀಗರ ಹಿರಿಯರ ಕಾಲಿಗೆರಗಲು ಬಗ್ಗಿದಾಗ ಅದು ಕಿಸೆಯಿಂದ ಜಾರಿ ಆ ಹಿರಿಯರ ಹೆಬ್ಬೆರಳಿನ ಮೇಲೆಯೇ ಬಿತ್ತು. ಆಶೀರ್ವಾದ ಅರ್ಧಕ್ಕೆ ನಿಂತಿತು. ಇವರು ಮೊದಲು ಪಾನಾ ನೋಡಿ, ಅದಕ್ಕೇನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೆಬ್ಬೆರಳು ವಿಚಾರಿಸಿದರು.

ಆ ಪಾನಾದ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ಪದ್ಧತಿ. ಒಮ್ಮೆ ನನಗೆ ಕೆಮ್ಮು ಹತ್ತಿದಾಗ ಪಾನಾವನ್ನು ನನ್ನ ಎದೆಗೇ ಹಚ್ಚಿ ಬಹಳ ಹೊತ್ತು ಕೇಳಿದರು. "ಎಡಕಿನ ವಾಲ್ವ್ ಸಡ್ಲ ಆಗೈತ್ರಿ, ಮಾಸ್ತರ. ಒಂದ ವಾರ ಶುಂಠಿ ಕಷಾಯ ಹೊಡೀರಿ, ಏರಿನ್ಯಾಗ ಲಗೂನ ನಡೀಬ್ಯಾಡ್ರಿ" ಎಂದರು. ಹಾಗೆಯೇ ಮಾಡಿದೆ, ಗುಣವಾಯಿತು. ಜತ್ತಿನ ಡಾಕ್ಟರು ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಸರಕಾರ ಲಿಲಾವಿಗೆ ಹಾಕಿದ ಲಷ್ಕರದ ಲಾರಿಗಳಲ್ಲಿ ಒಂದನ್ನು ಅವರು ತಂದರು. ಬಿಳಿಯರ ಮನೆತನದ್ದೆಂಬ ಗೌರವದಿಂದ ಅದನ್ನು ‘ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಲಾರಿ ಕೆಟ್ಟಿತು ಎಂಬ ಮಾತು ಅವರ ಬಾಯಿಂದ ಬಂದಿಲ್ಲ. ನಡುದಾರಿಯಲ್ಲಿ ಕುರಿ, ಉಣ್ಣೆ, ಶೇಂಗಾದ ಚೀಲ ಮತ್ತು ನನ್ನನ್ನು ಹೊತ್ತು ಅದು ನಿಂತಾಗ, ಕೆಳಗಿಳಿದು ಬೀಡಿ ಹಚ್ಚಿ, "ಸಾಹೇಬ್ರು ವಿಚಾರ ಮಾಡಾಕತ್ತಾರ" ಎನ್ನುತ್ತಿದ್ದರು. ಸಾಹೇಬರು ಕೆಲವು ಸಲ ಎರಡು ದಿನ ವಿಚಾರ ಮಾಡುತ್ತಿದ್ದರು.

ಅದನ್ನು ಬಿಚ್ಚಿ ಜೋಡಿಸಿದಾಗಲೆಲ್ಲ ಒಂದೆರಡು ನಟ್ಟು ಉಳಿಯುವುದು ನಿಯಮ. ಅವನ್ನು ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. "ಗೋರ್ಯಾರು ಭಾಳ ಅಂಜುಬುರುಕರ್ರಿ. ಒಂದ ಸಾಕಾಗೂ ಕಡೆ ಮೂರ ಹಚ್ಚತಾರ" ಎಂಬುದು ಅವರ ಸಮಾಧಾನ. ಲಾರಿಗೆ ಹ್ಯಾಂಡ್ ಬ್ರೇಕು ಇರಲಿಲ್ಲ. ಆದ್ದರಿಂದ ಎಲ್ಲಿ ನಿಲ್ಲಿಸಿದರೂ ಹಿಂದಿನ ಗಾಲಿಯ ಹಿಂದೆ ಒಂದು ಕಲ್ಲು. ಕಲ್ಲು ಇಡುವುದನ್ನು ಅವರು ಎಂದೂ ಮರೆಯಲಿಲ್ಲ. ತೆಗೆಯುವುದರಲ್ಲಿ ಅಷ್ಟು ಖಚಿತವಿರಲಿಲ್ಲ.

ಲಾರಿ ಮೊದಲ ಸಲ ಅಂಗಳಕ್ಕೆ ಬಂದ ದಿನ ನಾನಿದ್ದೆ. ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಆರತಿ ಹಿಡಿದು ನಿಂತಿದ್ದರು. ಊರಿನ ಅರ್ಧ ಜನ ನೆರೆದಿದ್ದರು. ಅಷ್ಟರಲ್ಲಿ ಅಣ್ಣ ಬಾವಿಯ ಕಡೆಯಿಂದ ಎತ್ತುಗಳನ್ನು ಹಿಡಿದುಕೊಂಡು ಬಂದರು. ಲಾರಿಯನ್ನು ಮೂತಿಯಿಂದ ಬಾಲದವರೆಗೆ ನೋಡಿ, ಹಲ್ಲು ಎಣಿಸುವವರ ಹಾಗೆ ಮುಂದಿನ ಜಾಲರಿಯತ್ತ ಬಗ್ಗಿ,

"ಗೋರ್ಯಾರು ಹೋಗೂವಾಗ ಚಲೋದೆಲ್ಲಾ ತಗೊಂಡ ಹೋಗ್ಯಾರ. ಇದನ್ನ ಬಿಟ್ಟ ಹೋಗ್ಯಾರ ಅಂದ್ರ ಇದು ಎಂಥಾದ್ದಿರಬೇಕು" ಎಂದರು.

ಜನ ನಕ್ಕರು. ತಮ್ಮ ನಗಲಿಲ್ಲ.

"ನಿನ್ನ ಎತ್ತಿಗಿಂತ ಚಲೋ ಐತಿ. ನಿನ್ನ ಎತ್ತ ಮುಂದ ಹೋದಷ್ಟ ಹಿಂದ ಬರತಾವ. ದಿನಾ ಎಂಟ ಹರದಾರಿ ನಡೀತಾವ, ಹುಟ್ಟಿದಾಗಿಂದ ಗುಡ್ಡಾಪುರ ಸುದ್ದಾ ಮುಟ್ಟಿಲ್ಲ."

ಗುಡ್ಡಾಪುರವೆಂದರೆ ಹತ್ತಿರದಲ್ಲೇ ಇರುವ ದಾನಮ್ಮನ ಕ್ಷೇತ್ರ. ಈ ಮಾತಿನ ವಿಷ ತಿಳಿಯಬೇಕಾದರೆ ಮೋಟದ ಬಾವಿಯೂ ಗೊತ್ತಿರಬೇಕು. ಬಾವಿಯ ಬಾಯಿಗೆ ಒಂದು ಗಾಲಿ. ಗಾಲಿಯ ಮೇಲೆ ಹಗ್ಗ. ಹಗ್ಗದ ಒಂದು ತುದಿಗೆ ತೊಗಲಿನ ದೊಡ್ಡ ಚೀಲ, ಇನ್ನೊಂದು ತುದಿಗೆ ಎತ್ತಿನ ನೊಗ. ಬಾವಿಯಿಂದ ಹೊರಕ್ಕೆ ಒಂದು ಇಳಿಜಾರು ತೋಡಿರುತ್ತಾರೆ. ಎತ್ತು ಇಳಿಜಾರಿನಲ್ಲಿ ಇಳಿದರೆ ನೀರಿನ ಚೀಲ ಮೇಲೆ ಬರುತ್ತದೆ. ಚೀಲ ಬರಿದಾದ ಮೇಲೆ ಎತ್ತು ತಿರುಗದೆ ಹಾಗೆಯೇ ಹಿಂಬರ್ಕಿಯಾಗಿ ಹೆಜ್ಜೆಯಿಡುತ್ತ ಮೇಲೆ ಬರುತ್ತದೆ. ಬೆಳಗಿನಿಂದ ಇದೇ ಕೆಲಸ. ಅಣ್ಣನ ಎತ್ತುಗಳು ಈ ವಿದ್ಯೆಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೆಸರಾಗಿದ್ದವು. ಒಂದರ ಹೆಸರು ಬಸ್ಯಾ. ಇನ್ನೊಂದರ ಹೆಸರು ಸುಬೇದಾರ. ತಮ್ಮ ಬರ್ಮಾದಿಂದ ಬರೆದ ಕಾಗದಗಳಲ್ಲಿ ತನ್ನ ಸುಬೇದಾರನನ್ನು ಬಹಳ ಹೊಗಳಿದ್ದರಿಂದ, ಆಗಷ್ಟೇ ಕೊಂಡ ಹೋರಿಗೆ ಅಣ್ಣ ಆ ಹೆಸರಿಟ್ಟಿದ್ದರು. ಅಂಥ ಎತ್ತಿಗೆ, ಊರಿನ ಅರ್ಧ ಜನರ ಎದುರಿಗೆ, ಎಲ್ಲಿಯೂ ಮುಟ್ಟದ ಎತ್ತು ಎಂದದ್ದು.

ಅಣ್ಣ ಸುಬೇದಾರನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಈ ನಿನ್ನ ಲಾರಿ ಒಂದ ದಿವಸ ನಿಂತ ಹೋತಂದ್ರ?"

"ನಿಂತ ಹೋತಂದ್ರ ನಾ ಲಾರಿ ಬಿಟ್ಟ ನಿನ್ನ ಮೋಟ ಹೊಡ್ಯಾಕ ಬರತೀನಿ. ಇದ ಅಂಗಳದಾಗ ಹೇಳೀನಿ."

ಆ ಅಂಗಳದಲ್ಲಿ ಅಣ್ಣ-ತಮ್ಮ ಒಬ್ಬರಿಗೊಬ್ಬರು ನೇರವಾಗಿ ಆಡಿದ ಕೊನೆಯ ಮಾತು ಅದು. ಅಂದಿನಿಂದ ನಾನು ರಾಯಭಾರಿಯಾದೆ. ಈ ಹುದ್ದೆಗೆ ನಾನು ಅರ್ಜಿ ಹಾಕಿರಲಿಲ್ಲ. ನಡುವಿನ ಕೋಣೆಯಲ್ಲಿ ಇದ್ದದ್ದೇ ಅರ್ಹತೆಯಾಯಿತು. ಸಂಜೆ ಮೂವರೂ ಒಂದೇ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆವು. ಅಣ್ಣ ಬೇವಿನ ಮರವನ್ನು ನೋಡುತ್ತ, "ಮಾಸ್ತರ, ಅವಗ ಹೇಳ್ರಿ, ಲಾರಿ ಎಣ್ಣಿ ಮೆಣಸಿನಗಿಡದ ಮಡಿಗಿ ಹರದೈತಿ ಅಂತ" ಎನ್ನುವರು. ತಮ್ಮ ನನ್ನ ಇನ್ನೊಂದು ಪಕ್ಕದಲ್ಲಿಯೇ ಇದ್ದರು, ಕಿವಿಯೂ ಚುರುಕಾಗಿತ್ತು. ಆದರೂ ನಾನು ತಿರುಗಿ, "ಲಾರಿಯ ಎಣ್ಣೆ ಮೆಣಸಿನ ಮಡಿಗೆ ಹರಿದಿದೆಯಂತೆ" ಎಂದ ಮೇಲೆಯೇ ಅದು ಅವರಿಗೆ ಕೇಳಿಸಬೇಕು. ಆಮೇಲೆ ಅವರು, "ಹರಿದೀತ್ಯಾಕ ಅನ್ರಿ, ನಾ ಡಬ್ಬಿ ಇಟ್ಟೀನಿ ಅನ್ರಿ." ನಾನು ಇತ್ತ ತಿರುಗುವುದು. ಎರಡು ವರ್ಷದಲ್ಲಿ ನನ್ನ ಕುತ್ತಿಗೆಗೆ ಒಳ್ಳೆಯ ವ್ಯಾಯಾಮವಾಯಿತು.

ಇಬ್ಬರ ಹೆಂಡಂದಿರು ಒಡಹುಟ್ಟಿದ ಅಕ್ಕ-ತಂಗಿ. ಅವರಿಗೆ ರಾಯಭಾರಿ ಬೇಕಾಗಲಿಲ್ಲ. ಒಂದು ಒಲೆಯ ರೊಟ್ಟಿ ಇನ್ನೊಂದು ಒಲೆಗೆ ಹಿಂದಿನ ಬಾಗಿಲಿನಿಂದ ಹೋಗುತ್ತಲೇ ಇತ್ತು.

ಮೂರನೆಯ ವರ್ಷ ಸುಗ್ಗಿ ಮುಗಿಯುತ್ತಲೇ ಲಾರಿಯ ಹೊಟ್ಟೆಯಲ್ಲಿ ಕಟಕಟ ಸದ್ದು ಶುರುವಾಯಿತು. ಅವರು ಪಾನಾ ಹಚ್ಚಿ ಒಂದು ತಾಸು ಕೇಳಿದರು. ಕಣ್ಣು ತೆರೆದಾಗ ಮುಖ ಚಲೋ ಇರಲಿಲ್ಲ. ಒಳಗಿನ ಬೇರಿಂಗು ಸವೆದಿತ್ತು. ಅದನ್ನು ಬದಲಿಸಬೇಕಾದರೆ ಇಡೀ ಎಂಜಿನ್ನನ್ನು ಲಾರಿಯಿಂದ ಎತ್ತಿ ಕೆಳಗಿಳಿಸಬೇಕು. ಎಂಜಿನ್ನು ಎತ್ತುವ ಸರಪಳಿಯ ರಾಟೆ ಇದ್ದದ್ದು ಮೀರಜದಲ್ಲಿ. ಲಾರಿ ಮೀರಜಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ, ರಾಟೆಯನ್ನು ಅಲ್ಲಿಯವರು ಹೊರಗೆ ಕೊಡುತ್ತಿರಲಿಲ್ಲ. ಪಡುವಣ ಬಾಗಿಲಿನಲ್ಲಿ ಅಣ್ಣ ಹೊಸ ಬಾರಕೋಲು ಹೆಣೆಯುತ್ತ ಕುಳಿತಿದ್ದರು. ಅದು ಯಾರಿಗೆಂದು ಯಾರೂ ಕೇಳಲಿಲ್ಲ.

"ಮನ್ಯಾಗ ಇಳಸೂನು" ಎಂದರು ತಮ್ಮ.

ಮೊದಲು ಕಣ್ಣು ಹೋದದ್ದು ಪಡಸಾಲೆಯ ದೊಡ್ಡ ತೊಲೆಯ ಮೇಲೆ. ಮುಂದಿನ ಗೋಡೆ ಒಡೆದು ಲಾರಿಯ ಮೂತಿಯನ್ನು ಒಳಗೆ ತಂದರೆ ತೊಲೆಗೆ ಹಗ್ಗ ಹಾಕಿ ಎತ್ತಬಹುದು ಎಂದು ಲೆಕ್ಕ ಹಾಕಿ, ಗೋಡೆಗೆ ಸುಣ್ಣದಿಂದ ಗೆರೆಯನ್ನೂ ಎಳೆದರು. ವೈನಿ ಹಿಟ್ಟಿನ ಕೈಯಲ್ಲೇ ಹೊರಬಂದರು.

"ಏನ ಗೀಟ್ರೀ ಇದು?"

"ಇಷ್ಟ ಒಡೀತೀನಿ. ಆಮ್ಯಾಲ ಹಚ್ಚಿ ಕೊಡತೀನಿ."

"ಮಾಳಿಗಿ ಮಣ್ಣ ನಿಮ್ಮ ಸಾಹೇಬ್ರ ಮ್ಯಾಲ ಬಿದ್ರ ನನಗ ಚಿಂತಿಲ್ಲ. ನನ್ನ ರೊಟ್ಟಿ ಮ್ಯಾಲ ಬೀಳಬಾರದು. ಜೋಡಸಿದ ಮ್ಯಾಲ ಎರಡ ತೊಲಿ ಉಳದ್ರ ಅದನ್ನೂ ಡಬ್ಬ್ಯಾಗ ಇಡಾವ್ರ ನೀವು."

ಗೋಡೆ ಉಳಿಯಿತು. ಎರಡನೆಯ ಪ್ರಯತ್ನದಲ್ಲಿ ಹನ್ನೆರಡು ಜನ ಒಂದು ಉದ್ದ ಗಳಕ್ಕೆ ಹೆಗಲು ಕೊಟ್ಟರು. ಎಂಜಿನ್ನು ಒಂದು ಗೇಣು ಎದ್ದಿತು. ಏಳನೆಯವನಿಗೆ ಸೀನು ಬಂತು. ಎಂಜಿನ್ನು ತನ್ನ ಜಾಗಕ್ಕೆ ಮರಳಿತು. ಏಳನೆಯವನು ಅದಾದ ಮೇಲೆ ಬಹಳ ದಿನ ನಮ್ಮ ಅಂಗಳದ ಕಡೆ ಸುಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಕುಳಿತು ಬಾವಿಯನ್ನೇ ನೋಡುತ್ತಿದ್ದರು. ಅಣ್ಣ ಮೋಟ ಹೊಡೆಯುತ್ತಿದ್ದರು. ತುಂಬಿದ ತೊಗಲಿನ ಚೀಲ ಏನೂ ಅಲ್ಲವೆಂಬಂತೆ ಮೇಲೆ ಬರುತ್ತಿತ್ತು. ಅವರು ಚೀಲ ನೋಡಿದರು, ಗಾಲಿ ನೋಡಿದರು, ಬೇವಿನ ಮರದ ದಪ್ಪ ಕೊಂಬೆ ನೋಡಿದರು. ಬೀಡಿ ತಾನಾಗಿ ಆರಿತು. ಉಪಾಯ ಹೊಳೆದ ಮನುಷ್ಯನ ಮುಖ ಅರಳುತ್ತದೆ ಎನ್ನುತ್ತಾರೆ. ಇವರ ಮುಖ ಹುಳಿ ಕಚ್ಚಿದಂತಾಯಿತು.

ಮಧ್ಯಾಹ್ನ ಅಣ್ಣ ಬಂದು ಕಟ್ಟೆಯ ಮೇಲೆ ಕುಳಿತಾಗ ಇವರು ಗಂಟಲು ಸರಿಮಾಡಿಕೊಂಡರು.

"ಮಾಸ್ತರ, ಅವಗ ಹೇಳ್ರಿ, ಒಂದ ತಾಸಿಗಿ ಎತ್ತ ಬೇಕಾಗ್ಯಾವ ಅಂತ."

ಹೇಳಿದೆ.

"ಯಾವ ಎತ್ತ ಅಂತ ಕೇಳ್ರಿ. ಗುಡ್ಡಾಪುರ ಮುಟ್ಟಲಾರದ ಎತ್ತೇನು?"

ಕೇಳಿದೆ. ಇವರು ನೆಲ ನೋಡಿ, "ಹೂಂ ಅನ್ರಿ" ಎಂದರು.

ಅಣ್ಣ ಅಡಿಕೆ ಕತ್ತರಿಸಿ, ಬಾಯಿಗೆ ಹಾಕಿಕೊಂಡು, ಪೂರ್ತಿ ಜಗಿದರು. ನನ್ನ ರಾಯಭಾರದಲ್ಲಿ ಅಷ್ಟು ದೀರ್ಘವಾದ ವಿರಾಮ ಮತ್ತೊಂದಿಲ್ಲ.

"ಕೊಡತೀನಿ ಅನ್ರಿ. ಖರೆ ಹೊಡ್ಯಾವ ನಾ."

ಅದೊಂದು ಬಿಟ್ಟರೆ ಯಾವ ಶರತ್ತೂ ಇಲ್ಲ, ಚುಚ್ಚುಮಾತೂ ಇಲ್ಲ. ತಮ್ಮನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಅಷ್ಟು ಸುಲಭವಾಗಿ ಅಣ್ಣ ಒಪ್ಪಿದ್ದು ಅದಕ್ಕೆ ಮೊದಲು ಒಮ್ಮೆ ಮಾತ್ರ ಕಂಡಿದ್ದೆ. ಅದು ಎದುರಿನವನನ್ನು ಚದುರಂಗದಲ್ಲಿ ಸೋಲಿಸುವ ಮುಂಚೆ.

ನಾಲ್ಕನೆಯ ದಿನ ಮುಂಜಾನೆ ಸಿದ್ಧತೆ ಮುಗಿಯಿತು. ಲಾರಿಯ ಮೂತಿಯನ್ನು ಬೇವಿನ ಕೆಳಗೆ ತಂದು ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲಿಟ್ಟರು. ಬಾನೆಟ್ಟು, ರೇಡಿಯೇಟರು ತೆಗೆದರು. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲಿಯೇ ವೈನಿಯವರ ಹಳೆಯ ಸೀರೆಯ ಮೇಲೆ ಜೋಡಿಸಿದ್ದರು. ಬಾವಿಯ ಗಾಲಿಯನ್ನು ಕಳಚಿ ಕೊಂಬೆಗೆ ಕಟ್ಟಿದರು. ಎಂಜಿನ್ನಿಗೆ ಗೋಣಿಚೀಲ ಸುತ್ತಿ, ಸರಪಳಿ ಬಿಗಿದು, ಮೋಟದ ಹಗ್ಗಕ್ಕೆ ಸೇರಿಸಿದರು. ಹಗ್ಗ ಕೊಂಬೆಯ ಗಾಲಿಯ ಮೇಲಿಂದ ಇಳಿದು ಇಳಿಜಾರಿನ ಬಾಯಲ್ಲಿ ನಿಂತ ಎತ್ತುಗಳ ನೊಗಕ್ಕೆ ಹೋಯಿತು. ಯೋಜನೆ ಸರಳ: ಎತ್ತು ಇಳಿದರೆ ಎಂಜಿನ್ನು ಏಳುತ್ತದೆ, ಹತ್ತು ಜನ ಲಾರಿಯನ್ನು ಹಿಂದಕ್ಕೆ ನೂಕುತ್ತಾರೆ, ಎತ್ತು ಹಿಂದಕ್ಕೆ ಬಂದರೆ ಎಂಜಿನ್ನು ಕೆಳಗೆ ಹಾಸುವ ಹಳೆಯ ಟಾಯರಿನ ಮೇಲೆ ಕುಳಿತುಕೊಳ್ಳುತ್ತದೆ. ಎಂಜಿನ್ನು ಬಿದ್ದು ಒಡೆದರೆ ಅಂಥದು ಇನ್ನೊಂದು ಪುಣೆಯವರೆಗೂ ಇಲ್ಲ. ಆಗ ಲಾರಿ ಇಲ್ಲ, ಮತ್ತು ಅಂಗಳದಲ್ಲಿ ಆಡಿದ ಮಾತಿನ ಪ್ರಕಾರ ಹೊಸ ಬಾರಕೋಲು ಕಾದಿತ್ತು.

ಅಣ್ಣ ಹಾಡು ಎತ್ತಿದರು. ಮೋಟ ಹೊಡೆಯುವವರಿಗೆ ಹಾಡು ಸೊಗಸಿನ ಮಾತಲ್ಲ, ಅದು ಎತ್ತಿಗೆ ಕೊಡುವ ಆಜ್ಞೆ.

"ಇಳಿಯೋ ಬಸ್ಯಾ ಇಳಿಯೋ, ಸುಬೇದಾರ ಇಳಿಯೋ,
ಬದನಿಯ ಮಡಿಯಾಗ ನೀರಿಲ್ಲೋ ಇಳಿಯೋ."

ಎತ್ತುಗಳು ಇಳಿದವು. ಗಾಲಿ ಕಿರ್ರೆಂದಿತು. ಎಂಜಿನ್ನು ಗೋಣಿಚೀಲ ಉಟ್ಟುಕೊಂಡು, ಬಹಳ ವರ್ಷದ ಮೇಲೆ ಕುರ್ಚಿಯಿಂದ ಎದ್ದ ಸಾಹೇಬರಂತೆ, ಲಾರಿಯಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಇಳಿಜಾರಿನ ಕೆಳಗೆ ಎತ್ತುಗಳೂ ನಿಂತವು. ಅಣ್ಣ ಕೊನೆಯ ‘ಇಳಿಯೋ’ವನ್ನು ಎಳೆಯತೊಡಗಿದರು.

ಆಗ ನನಗೆ ನೆನಪಾಯಿತು. ತಮ್ಮನ ಮುಖ ನೋಡಿದರೆ ಅವರಿಗೂ ಅದೇ ಗಳಿಗೆಯಲ್ಲಿ ನೆನಪಾಗಿತ್ತು. ಚೀಲದ ನೀರು ಬರಿದಾಗುವವರೆಗೆ ಅಣ್ಣ ಕೊನೆಯ ಸಾಲನ್ನು ಎಳೆಯುತ್ತಿದ್ದರು. ದನಿ ನಿಂತ ಕೂಡಲೇ ಎತ್ತು ತಾವಾಗಿಯೇ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದವು. ಏಳೆಂಟು ವರ್ಷದ ಅಭ್ಯಾಸ. ಮೇಲೆ ತೂಗುವುದು ನೀರೋ ಎಂಜಿನ್ನೋ ಎಂಬುದು ಅವಕ್ಕೆ ಸಂಬಂಧಿಸಿದ್ದಲ್ಲ. ಹಾಡು ನಿಂತರೆ ಎಂಜಿನ್ನು ಬೀಳುತ್ತದೆ.

"ನೂಕ್ರೋ" ಎಂದರು ಇವರು. ಹತ್ತು ಜನ ನೂಕಿದರು. ಲಾರಿ ಅಲುಗಲಿಲ್ಲ. ಮತ್ತೆ ನೂಕಿದರು. ಅದು ನೆಲಕ್ಕೆ ಬೇರು ಬಿಟ್ಟಂತೆ ನಿಂತಿತ್ತು. ಅಣ್ಣನ ಉಸಿರು ಮುಗಿಯುತ್ತ ಬಂದಿತ್ತು. ಸುಬೇದಾರ ಒಂದು ಕಿವಿ ಹಿಂದಕ್ಕೆ ತಿರುಗಿಸಿದ.

ಹಗ್ಗವನ್ನು ಬೇವಿನ ಬೊಡ್ಡೆಗೆ ಕಟ್ಟಿಬಿಡಬಹುದಿತ್ತಲ್ಲ ಎಂದು ಈಗ ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಕಟ್ಟಬಹುದಿತ್ತು. ಅಲ್ಲಿದ್ದ ಯಾರೂ ಆ ಮಾತು ಆಡಲಿಲ್ಲ ಎಂದಷ್ಟೇ ಸದ್ಯಕ್ಕೆ ಬರೆಯುತ್ತೇನೆ.

ಅಣ್ಣ ಉಸಿರು ಎಳೆದುಕೊಂಡು ಮುಂದುವರಿಸಿದರು. ಆದರೆ ಇದು ಹಳೆಯ ಹಾಡಲ್ಲ.

"ಲಾರಿಯ ತಂದಾನೋ ತಮ್ಮ ಲಾರಿಯ ತಂದಾನೋ,
ಲಾರಿಗಿ ಬಲವಿಲ್ಲ, ಎತ್ತಿನ ಬಲ ಬೇಡ್ಯಾನೋ.
ಎಣ್ಣಿ ಕುಡೀತೈತಿ ಲಾರಿ, ನೀರ ಕುಡೀತೈತಿ,
ಇಷ್ಟೆಲ್ಲ ಕುಡದ ಮನಿಗೊಂದ ಸೆಗಣಿ ಕುಳ್ಳ ಕೊಡದಾಗೈತಿ."

ನೂಕುತ್ತಿದ್ದ ಹತ್ತು ಜನರಲ್ಲಿ ಆರು ಜನ ನಗಲು ಕೈಬಿಟ್ಟರು. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಮ್ಮ ಮಾತ್ರ ತೂಗುವ ಎಂಜಿನ್ನಿನ ಕೆಳಗೆ, ಎರಡೂ ಕೈ ಚಾಚಿ, ಬಿದ್ದರೆ ಹಿಡಿಯುವವರಂತೆ ನಿಂತಿದ್ದರು. ಆರು ಮಣದ ಕಬ್ಬಿಣವನ್ನು ಅಂಗೈಯಲ್ಲಿ ಹಿಡಿಯುವ ಆಸೆ. ನಾನು ಅವರ ಕೋಟು ಹಿಡಿದು ಎಳೆದೆ, ಬರಲಿಲ್ಲ.

ಅಣ್ಣನ ದನಿ ಈಗ ನಿಧಾನವಾಯಿತು.

"ಸುಬೇದಾರ ಕೇಳತಾನೋ ತಮ್ಮಾ, ನಿನ್ನ ಕೇಳತಾನೋ,
ಆರತಿ ದಿವಸ ಏನಂದಿ ನೀ, ಇನ್ನೊಮ್ಮಿ ಅನ್ನಂತಾನೋ."

ಅನ್ನಂತಾನೋ, ಎಂದು ಎಳೆದರು. ಎಳೆಯುತ್ತಲೇ ನಿಂತರು. ಎರಡು ವರ್ಷ ಕಾಯ್ದ ಮನುಷ್ಯ ಇನ್ನೊಂದು ಉಸಿರಿನಷ್ಟು ಕಾಯಬಲ್ಲ. ಎಲ್ಲರೂ ಇವರ ಮುಖ ನೋಡಿದರು. ನಾನೂ ಅಭ್ಯಾಸದಂತೆ ಇವರತ್ತ ತಿರುಗಿ ಪ್ರಶ್ನೆಯನ್ನು ತಲುಪಿಸಲು ಬಾಯಿ ತೆರೆದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

ಇಳಿಜಾರಿನ ತುದಿಗೆ ಹೋಗಿ ಕಾಲು ಜೋಡಿಸಿ ನೆಟ್ಟಗೆ ನಿಂತರು. ಲಷ್ಕರದ ಲೆಕ್ಕದಲ್ಲಿ ಇವರು ನಾಯಕ, ಎತ್ತು ಅದಕ್ಕೂ ಮೇಲಿನ ಸುಬೇದಾರ; ಆ ದೃಷ್ಟಿಯಿಂದ ನೋಡಿದರೆ ಮುಂದೆ ನಡೆದದ್ದರಲ್ಲಿ ಮಾನಹಾನಿಯೇನೂ ಇರಲಿಲ್ಲ. ಹಣೆಗೆ ಕೈಯಿಟ್ಟು ಸಲಾಮು ಹೊಡೆದು ಹಾಡಿದರು. ಆ ದನಿ ಒಂದನೆಯ ಗೇರಿನಲ್ಲಿ ದಿಬ್ಬ ಏರುವ ಲಾರಿಯದು.

"ತಪ್ಪಾತೋ ಸುಬೇದಾರಾ, ತಪ್ಪಾತೋ ಬಸ್ಯಾ,
ಲಾರ್ಯಾಗ ಕುಂಡ್ರಿಸಿ ಗುಡ್ಡಾಪುರ ತೋರಸತೀನೋ ಬಸ್ಯಾ.
ತಪ್ಪಾತೋ ಅಣ್ಣಾ."

ಕೊನೆಯ ಸಾಲಿಗೆ ಪ್ರಾಸವಿರಲಿಲ್ಲ. ಯಾರೂ ಎತ್ತಿ ತೋರಿಸಲಿಲ್ಲ.

ಅಣ್ಣ ಒಂದು ಗಳಿಗೆ ಹಾಡು ಮರೆತರೆಂದೇ ತೋರಿತು. ಬಸ್ಯಾ ಒಂದು ಹೆಜ್ಜೆ ಹಿಂದಿಟ್ಟ, ಎಂಜಿನ್ನು ಒಂದು ಮೊಳ ಇಳಿಯಿತು. ಆಮೇಲೆ ಕೆಳಗಿನಿಂದ ದನಿ ಮತ್ತೆ ಎದ್ದಿತು, ಈ ಸಲ ಲಗುಬಗೆಯಿಂದ.

"ತಗ್ಗಿನ್ಯಾಗ ನಿಂತವಗ ಎಲ್ಲಾ ಕಾಣತೈತೋ,
ಹಿಂದಿನ ಗಾಲಿಗಿ ನೋಡೋ ತಮ್ಮಾ, ಕಲ್ಲ ಕುಂತೈತೋ."

ಇವರು ಓಡಿಹೋಗಿ ನೋಡಿದರು. ಮುಂಜಾನೆ ತಾವೇ ಇಟ್ಟ ಕಲ್ಲು ಗಾಲಿಯ ಹಿಂದೆ ಹಾಯಾಗಿ ಕುಳಿತಿತ್ತು. ಹತ್ತು ಜನ ನೂಕಿದಷ್ಟೂ ಅದು ನೆಲಕ್ಕೆ ಇನ್ನಷ್ಟು ಕಚ್ಚಿಕೊಂಡಿತ್ತು. ಪಾನಾದಿಂದ ಹೊಡೆದು ಅದನ್ನು ಹೊರಗೆ ಹಾರಿಸಿದರು. ಲಾರಿ ಹಿಂದಕ್ಕೆ ಸರಿಯಿತು. ಟಾಯರು ಉರುಳಿಸಿ ತಂದು ಹಾಸಿದರು. ಅಣ್ಣ ಹಾಡು ನಿಲ್ಲಿಸಿದರು. ಬಸ್ಯಾ, ಸುಬೇದಾರ ಇಬ್ಬರೂ ಹಿಂಬರ್ಕಿಯಾಗಿ, ತಮ್ಮ ಎಂದಿನ ಸಾವಕಾಶದಲ್ಲಿ, ಹೆಜ್ಜೆ ಹೆಜ್ಜೆಯಾಗಿ ಮೇಲೆ ಬಂದರು. ಎಂಜಿನ್ನು ತೊಟ್ಟಿಲಿಗೆ ಇಳಿದ ಕೂಸಿನಂತೆ ಟಾಯರಿನ ಮೇಲೆ ಕುಳಿತಿತು.

ಇನ್ನು ನನ್ನ ನೌಕರಿ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಸಂಜೆ ಕಟ್ಟೆಯ ಮೇಲೆ ಅಣ್ಣ ಬೇವಿನ ಮರ ನೋಡುತ್ತ, "ಮಾಸ್ತರ, ಅವಗ ಹೇಳ್ರಿ, ಕಲ್ಲ ತಗಿಯೂದ ಕಲಿ ಅಂತ" ಎಂದರು. "ಹೂಂ ಅನ್ರಿ" ಎಂದರು ಇವರು. ಎರಡು ವರ್ಷದಲ್ಲಿ ಇಬ್ಬರಿಗೂ ಅದೇ ರೂಢಿಯಾಗಿತ್ತು. ನಡುವೆ ನಾನಿಲ್ಲದೆ ಮಾತು ಹೊರಡುತ್ತಿರಲಿಲ್ಲ.

ಹದಿನೈದು ದಿನದಲ್ಲಿ ಬೇರಿಂಗು ಬದಲಾಯಿತು, ಎಂಜಿನ್ನು ಅದೇ ಎತ್ತುಗಳ ಬಲದಿಂದ ಲಾರಿಗೇರಿತು, ಡಬ್ಬಿಗೆ ಮೂರು ನಟ್ಟು ಸೇರಿದವು. ಮೊದಲ ಪ್ರವಾಸ ಗುಡ್ಡಾಪುರಕ್ಕೆ. ಹಿಂದೆ ಹುಲ್ಲು ಹಾಸಿ ಎರಡೂ ಎತ್ತುಗಳನ್ನು ಹಲಗೆಯ ಮೇಲಿಂದ ಹತ್ತಿಸಿದರು. ಅಣ್ಣ ಅವುಗಳ ನಡುವೆ ನಿಂತರು. ಲಾರಿಯ ಮುಂದಿನ ಸೀಟಿನಲ್ಲಿ ಕೂಡುವುದಿಲ್ಲವೆಂದು ನನ್ನ ಮೂಲಕ ತಿಳಿಸಿದ್ದರು. ದಾರಿಯುದ್ದಕ್ಕೂ ಹಿಂದಿನ ಕಿಂಡಿಯಿಂದ, "ಮಾಸ್ತರ, ಅವಗ ಸಾವಕಾಶ ಹೊಡಿ ಅನ್ರಿ, ಸುಬೇದಾರ ಅಂಜ್ಯಾನ" ಎಂಬ ಆಜ್ಞೆ. ದಾನಮ್ಮನ ಗುಡಿಯ ಎದುರಿಗೆ ಲಾರಿ ನಿಂತಿತು. ಪೂಜಾರಿ ಹೊರಬಂದು, ಎತ್ತುಗಳನ್ನು ನೋಡಿ, ನಮ್ಮನ್ನು ನೋಡಿ, ಏನೂ ಕೇಳದೆ ನಾಲ್ಕು ಹಣೆಗೂ ವಿಭೂತಿ ಹಚ್ಚಿದ. ನಾಲ್ಕನೆಯ ಹಣೆ ನನ್ನದು. ಇವರು ಆಗ ಲಾರಿಯ ಹಿಂದೆ ಕಲ್ಲು ಇಡುತ್ತಿದ್ದರು.

ಮರುವರ್ಷ ಸುಗ್ಗಿ ಮುಗಿಯುತ್ತಲೇ ಅವರು ಮತ್ತೆ ಎಂಜಿನ್ನು ಇಳಿಸಬೇಕೆಂದರು. ಹಿಂದಿನ ದಿನವಷ್ಟೇ ನಾನು ಅದೇ ಲಾರಿಯಲ್ಲಿ ಜತ್ತಿಗೆ ಹೋಗಿಬಂದಿದ್ದೆ. ಅದು ನೀರು ಹರಿದಂತೆ ಓಡಿತ್ತು.

"ಏನಾಗಿದೆ ಅದಕ್ಕೆ?"

"ಸಾಹೇಬ್ರು ವಿಚಾರ ಮಾಡಾಕತ್ತಾರ" ಎಂದರು, ನನ್ನ ಕಣ್ಣು ತಪ್ಪಿಸಿ.

ಆ ವರ್ಷವೂ ಎಂಜಿನ್ನು ಬೇವಿಗೆ ತೂಗಿತು. ಅಣ್ಣ ವರ್ಷವಿಡೀ ಮೋಟದ ಹಿಂದೆ ಕಟ್ಟಿಟ್ಟ ಹೊಸ ನುಡಿಗಳನ್ನು ಹಾಡಿದರು: ಬೀಡಿ ಬಿಡು, ತಿಕೋಂಡಿಯ ಹಳ್ಳದ ತಿರುವಿನಲ್ಲಿ ನಿಧಾನಿಸು, ಮಗಳಿಗೆ ಬಂದ ವರ ಚಲೋ ಇದ್ದಾನೆ, ಹೂಂ ಅನ್ನು. ಇವರು ದಿಬ್ಬ ಏರುವ ದನಿಯಲ್ಲಿ ಉತ್ತರ ಕೊಟ್ಟರು. ಮೂರನೆಯ ವರ್ಷ ಸುತ್ತಲಿನ ಜನ ರೊಟ್ಟಿ ಕಟ್ಟಿಕೊಂಡು ಕೇಳಲು ಬಂದರು. ನಾನಿರುವವರೆಗೆ ಐದು ಸಲ ಆ ಎಂಜಿನ್ನು ಇಳಿಯಿತು. ಬೇಕಾಗಿದ್ದದ್ದು ಒಮ್ಮೆ.

ವರ್ಗವಾಗಿ ಹೊರಡುವ ಮುನ್ನಾದಿನ, ಲಾರಿಯ ಕೆಳಗೆ ಮಲಗಿದ್ದ ಅವರ ಕಾಲಿನ ಹತ್ತಿರ ಕುಳಿತು, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಮೊದಲ ಸಲ ಹಗ್ಗವನ್ನು ಮರಕ್ಕೆ ಕಟ್ಟಿಬಿಟ್ಟಿದ್ದರೆ ಅಷ್ಟು ಫಜೀತಿಯೇ ಇರಲಿಲ್ಲವಲ್ಲ?"

ಕೆಳಗಿನಿಂದ ಪಾನಾದ ಸದ್ದು ಬಂತು.

"ಲಷ್ಕರದಾಗ ಮೊದಲನೇ ದಿವಸ ಕಲಸೂದ ಹಗ್ಗ ಕಟ್ಟೂದ್ರಿ, ಮಾಸ್ತರ."

"ಮತ್ತೆ?"

"ಹೊಳದಿತ್ತು. ಖರೆ ಅಣ್ಣ ಎರಡ ವರ್ಷದಾಗ ಮೊದಲನೇ ಸಲ ಮಾತಾಡಾಕತ್ತಿದ್ದ. ಬೈತಿದ್ದ, ಬೈಲಿ ಅಂದೆ. ಕಟ್ಟಿದ್ರ ಹಾಡ ನಿಲ್ಲತಿತ್ತು." ಮತ್ತೆ ಪಾನಾದ ಸದ್ದು. "ಕಲ್ಲ ಮಾತ್ರ ಖರೇನ ಮರತಿದ್ದೆ. ಇದು ಅಣ್ಣಗ ಹೇಳೂದಲ್ರಿ."

ಎಂಟು ವರ್ಷದ ರಾಯಭಾರದಲ್ಲಿ ತಲುಪಿಸಬೇಡ ಎಂದು ನನಗೆ ಕೊಟ್ಟ ಮಾತು ಅದೊಂದೇ.

ಸುದ್ದಿ ಬಂದ ವಾರ ಹೋಗಿಬಂದೆ. ಮೋಟ ಹೋಗಿ ಬಾವಿಗೆ ಕರೆಂಟಿನ ಪಂಪು ಬಂದಿದೆ. ಎತ್ತುಗಳಿಲ್ಲ, ಲಾರಿಯೂ ಇಲ್ಲ. ಬೇವು ಇದೆ, ಅದರ ಕೊಂಬೆಯ ಮೇಲೆ ಹಗ್ಗ ತಿಂದ ಗುರುತು ಇದೆ. ಅದರ ಕೆಳಗೆ ಲಾರಿಯ ಆ ಕಲ್ಲು. ಕಲ್ಲಿನ ಮೇಲೆ ಅಣ್ಣ ಕುಳಿತಿದ್ದರು. ಎಂಬತ್ತು ದಾಟಿದೆ, ಕಣ್ಣು ಮಸುಕು. ದನಿಯಿಂದ ನನ್ನನ್ನು ಗುರುತಿಸಿದರು. "ಬರ್ರಿ ಮಾಸ್ತರ, ಕುಂದ್ರಿ" ಎಂದರು. ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ನನಗೇ ಗೊತ್ತಾಗದಂತೆ ನನ್ನ ಎಡಗಡೆಗೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದೆ.

ಬಹಳ ಹೊತ್ತು ಅಡಿಕೆ ಜಗಿದರು. ಆಮೇಲೆ ಬೇವಿನ ಮರ ನೋಡುತ್ತ ಹೇಳಿದರು:

"ಮಾಸ್ತರ, ಅವಗ ಹೇಳ್ರಿ. ಅವತ್ತ ಹಗ್ಗ ಈ ಮರಕ್ಕ ಕಟ್ಟಬಹುದಾಗಿತ್ತು. ನನಗ ಗೊತ್ತಿತ್ತು. ಬೇಕಂತ ಹೇಳಲಿಲ್ಲ. ಅವನ ಬಾಯಿಂದ ಒಂದ ಮಾತ ಬರಲಿ ಅಂತ ಹಾಡಕೋತ ನಿಂತೆ."

ಯಾರಿಗೆ ಹೇಳಲಿ ಎಂದು ನಾನು ಕೇಳಲಿಲ್ಲ. ಎಡಗಡೆಗೆ ತಿರುಗಿ, ಬಲಗಡೆಗೆ ತಿರುಗಿದೆ. ಕುತ್ತಿಗೆಗೆ ಇನ್ನೂ ನೆನಪಿತ್ತು.

"ಹಗ್ಗದ ಮಾತು ಅವರಿಗೂ ಹೊಳೆದಿತ್ತಂತೆ" ಎಂದೆ. "ಕಟ್ಟಿದರೆ ನಿಮ್ಮ ಹಾಡು ನಿಲ್ಲುತ್ತದೆ ಎಂದು ಸುಮ್ಮನಿದ್ದರಂತೆ. ನಿಮಗೆ ಹೇಳಬಾರದು ಅಂದಿದ್ದರು."

ಅಣ್ಣನ ದವಡೆ ನಿಂತಿತು. ಮೊದಲು ಹೆಗಲು ಅಲುಗಿತು, ಆಮೇಲೆ ಹೊಟ್ಟೆ. ನಗುತ್ತಿದ್ದರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕಳ್ಳ" ಎಂದರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಹಿಂಗಂತ ಅವಗ ಹೇಳ್ರಿ" ಎಂದರು.

ಹೇಳಿದ್ದೇನೆ.